ನೀರಿಲ್ಲದ ಕಡಲಿಗೂ ಒಂದು ಬಂದರು

ಮಾತು ಶುರು ಮಾಡುವ ಮೊದಲು ಪರದೆಯ ಮೇಲೆ ಒಂದು ತುಣುಕು ತೋರಿಸಿದ್ದೆ. ಕಪ್ಪು ಬಾನು, ಚುಕ್ಕಿಗಳು, ಅವುಗಳ ನಡುವೆ ಒಂದು ಹಾಯಿಹಡಗು. ಹಡಗಿನ ಆಕಾರದ ರಾಕೆಟ್ಟಲ್ಲ. ಕೂವೆಮರ, ಹಗ್ಗ, ಹಾಯಿ ಎಲ್ಲ ಇರುವ ಹಾಯಿಹಡಗು. ನಾನೂರು ವರ್ಷದ ಹಿಂದಿನ ಪೋರ್ಚುಗೀಸ್ ನಾವಿಕ ಎದ್ದುಬಂದರೂ ಇದು ತನ್ನದೇ ಎಂದು ಗುರುತು ಹಿಡಿಯಬೇಕು, ಹಾಗಿದೆ. ಅದರಲ್ಲಿ ಒಬ್ಬ ರಾಜಕುಮಾರಿ ತನ್ನ ಗ್ರಹವನ್ನು ಉಳಿಸುವ ಎಂಟು ವೀರರನ್ನು ಹುಡುಕುತ್ತಾ ಹೊರಟಿದ್ದಾಳೆ. ಸಭೆಯಲ್ಲಿ ನಗು ಎದ್ದಿತು. ಸಹಜ. ಗಾಳಿಯೇ ಇಲ್ಲದ ಕಡೆ ಹಾಯಿ ಯಾಕೆ?

ಇದು 1978ರ ಏಪ್ರಿಲ್‌ನಲ್ಲಿ ಜಪಾನಿನ ತೊಯೇಯಿ ಸಂಸ್ಥೆ ತೆರೆಗೆ ತಂದ ಚಿತ್ರ. ಕನ್ನಡದಲ್ಲಿ ಹೇಳುವುದಾದರೆ ‘ಬಾಹ್ಯಾಕಾಶದಿಂದ ಬಂದ ಸಂದೇಶ’. ಅಮೆರಿಕದಲ್ಲಿ ಹಿಂದಿನ ವರ್ಷ ದಾಖಲೆ ಮಾಡಿದ್ದ ‘ಸ್ಟಾರ್ ವಾರ್ಸ್’ ಜಪಾನಿಗೆ ಬರಲು ಇನ್ನೂ ಕೆಲವು ತಿಂಗಳಿತ್ತು. ಅದು ಬರುವುದರೊಳಗೆ ನಮ್ಮದೊಂದು ಬರಲಿ ಎಂಬ ಅವಸರದಲ್ಲಿ, ಭೂಗತ ಲೋಕದ ಚಿತ್ರಗಳಿಗೆ ಹೆಸರಾಗಿದ್ದ ಕಿಂಜಿ ಫುಕಸಾಕು ಅವರ ಕೈಯಲ್ಲಿ ಮಾಡಿಸಿದರು. ಕತೆಯ ಬೇರು ‘ಎಂಟು ನಾಯಿವೀರರು’ ಎಂಬ ಹತ್ತೊಂಬತ್ತನೇ ಶತಮಾನದ ದೊಡ್ಡ ಕಾದಂಬರಿಯಲ್ಲಿದೆ. ಇದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ: ಮೂವರು ಯುವಕ ಯುವತಿಯರು ಮೂಗು ಬಾಯಿಗೆ ಒಂದು ಉಸಿರುಕವಚ ಮಾತ್ರ ಹಾಕಿಕೊಂಡು, ಮಾಮೂಲಿ ಬಟ್ಟೆಯಲ್ಲೇ, ನೌಕೆಯಿಂದ ಹೊರಗೆ ಇಳಿದು ಬಾಹ್ಯಾಕಾಶದಲ್ಲಿ ಈಜುತ್ತಾರೆ. ಹೊಳೆಯುವ ಮಿಂಚುಹುಳುಗಳಂಥವನ್ನು ಕೈಯಿಂದ ಹಿಡಿಯುತ್ತಾರೆ. ಬೇಸಿಗೆಯ ರಾತ್ರಿ ಹುಡುಗರು ಕೆರೆಗೆ ಇಳಿದ ಹಾಗೆ.

ಅದಕ್ಕೆ ನಾಲ್ಕು ತಿಂಗಳು ಮೊದಲು, 1977ರ ಡಿಸೆಂಬರ್‌ನಲ್ಲಿ, ಎದುರಾಳಿ ತೊಹೊ ಸಂಸ್ಥೆ ಇನ್ನೊಂದನ್ನು ಬಿಟ್ಟಿತ್ತು. ಅದರ ಖಳರ ನೌಕೆ ಶುಕ್ರಗ್ರಹದಲ್ಲಿ ನಿಂತಿರುತ್ತದೆ. ನೋಡಲು ಥೇಟ್ ರೋಮನ್ನರ ಕಾಲದ ಹುಟ್ಟುಹಡಗು. ಎರಡೂ ಬದಿಗೆ ಸಾಲು ಸಾಲು ಹುಟ್ಟುಗಳು ಚಾಚಿಕೊಂಡಿವೆ. ನಾಯಕರ ನೌಕೆ ಗೋತೆನ್. ಅದರ ಮೂತಿಗೆ ದೊಡ್ಡ ಬೈರಿಗೆ. ಈ ನೌಕೆಯ ವಂಶ 1900ರಲ್ಲಿ ಷುನ್ರೊ ಒಶಿಕಾವಾ ಬರೆದ ಸಮುದ್ರದಡಿಯ ಯುದ್ಧನೌಕೆಯ ಕಾದಂಬರಿಯವರೆಗೆ ಹೋಗುತ್ತದೆ. 1963ರ ಸಿನಿಮಾದಲ್ಲಿ ಅದು ನೀರಿನಡಿ ಓಡುತ್ತಿತ್ತು, ನೆಲ ಕೊರೆಯುತ್ತಿತ್ತು, ಹಾರುತ್ತಲೂ ಇತ್ತು. 1977ರಲ್ಲಿ ನೇರ ಶುಕ್ರನಿಗೆ ಹೊರಟಿತು.

ಇವು ದೊಡ್ಡ ಚಿತ್ರಗಳೆಂದು ನಾನು ವಾದಿಸುವುದಿಲ್ಲ. ಬಣ್ಣದ ರಟ್ಟು ಕಾಣುತ್ತದೆ, ಮಾದರಿ ನೌಕೆಯ ದಾರವೂ ಒಮ್ಮೊಮ್ಮೆ ಕಂಡಂತಾಗುತ್ತದೆ. ಆದರೂ ಇಪ್ಪತ್ತು ವರ್ಷದಿಂದ ಇವನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಪ್ರತಿಸಲವೂ ಒಂದೇ ಪ್ರಶ್ನೆ ಕಾಡುತ್ತದೆ: ರಾಕೆಟ್ಟು ಗೊತ್ತಿದ್ದ ಜನ, ಚಂದ್ರನ ಮೇಲೆ ಮನುಷ್ಯ ನಡೆದಾಡಿದ್ದನ್ನು ಟೀವಿಯಲ್ಲಿ ಕಂಡ ಜನ, ಆಕಾಶಕ್ಕೆ ಹೋಗುವಾಗ ಹಡಗನ್ನೇ ಯಾಕೆ ಹತ್ತಿದರು?

ಭೌತಶಾಸ್ತ್ರ ಗೊತ್ತಿರಲಿಲ್ಲ ಎನ್ನುವುದು ಉತ್ತರವಲ್ಲ. ಭಾಷೆಯಿಂದ ಶುರು ಮಾಡೋಣ. ಜಪಾನೀ ಭಾಷೆಯಲ್ಲಿ ಗ್ಯಾಲಕ್ಸಿಗೆ ಗಿಂಗಾ ಎನ್ನುತ್ತಾರೆ, ಬೆಳ್ಳಿಯ ನದಿ. ರಾತ್ರಿ ಬಾನಲ್ಲಿ ಕಾಣುವ ಹಾಲುಬಿಳುಪಿನ ಪಟ್ಟಿ ಅಮಾ-ನೊ-ಗಾವಾ, ಸ್ವರ್ಗದ ಹೊಳೆ. ಅದರ ಎರಡು ದಡದಲ್ಲಿ ಅಗಲಿ ನಿಂತ ಪ್ರೇಮಿಗಳು ವರ್ಷಕ್ಕೊಮ್ಮೆ ಭೇಟಿಯಾಗುವ ದಿನ ತನಬಾತಾ ಹಬ್ಬ. ನೌಕೆಗೆ ಉಚುಸೆನ್, ಕೊನೆಯ ‘ಸೆನ್’ ಎಂದರೆ ದೋಣಿ, ಹಡಗು. ಇದನ್ನೆಲ್ಲ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅದೇ ಪಟ್ಟಿಯನ್ನು ನಾವು ಆಕಾಶಗಂಗೆ ಎನ್ನುತ್ತೇವೆ. ಬೆಳಗಿನ ಪತ್ರಿಕೆ ‘ನೌಕೆ ಕಕ್ಷೆ ಸೇರಿತು’ ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ ದಾರಿ ತೋರಿಸುವ ತನ್ನ ಉಪಗ್ರಹಗಳ ಗುಂಪಿಗೆ ಇಟ್ಟ ಹೆಸರು ‘ನಾವಿಕ’. ಬಾನು ನೀರು, ಹೋಗುವುದು ದೋಣಿಯಲ್ಲಿ ಎಂಬ ಎಣಿಕೆ ನಮ್ಮ ನಾಲಿಗೆಯಲ್ಲೂ ಕೂತಿದೆ. ನಾವು ಪದದಲ್ಲಿ ಇಟ್ಟುಕೊಂಡಿದ್ದನ್ನು ಅವರು ಹಾಯಿ ಕಟ್ಟಿ, ಲಂಗರು ತೂಗಿಸಿ ಚಿತ್ರ ಮಾಡಿದರು.

ಈಗ ಯಮಾತೊ.

1974ರ ಅಕ್ಟೋಬರ್ 6, ಭಾನುವಾರ ಸಂಜೆ, ಜಪಾನಿನ ಟೀವಿಯಲ್ಲಿ ‘ಬಾಹ್ಯಾಕಾಶ ಯುದ್ಧನೌಕೆ ಯಮಾತೊ’ ಶುರುವಾಯಿತು. ನಿರ್ಮಾಪಕ ಯೋಶಿನೋಬು ನಿಶಿಝಾಕಿ. ನೌಕೆಗೂ ಪಾತ್ರಗಳಿಗೂ ರೂಪ ಕೊಟ್ಟು ನಿರ್ದೇಶಿಸಿದವರು ಲೇಜಿ ಮಾತ್ಸುಮೊತೊ. ಕಾಲ 2199. ಗಮಿಲಾಸ್ ಎಂಬ ಗ್ರಹದವರು ಭೂಮಿಯ ಮೇಲೆ ವಿಕಿರಣ ಸೂಸುವ ಬಾಂಬುಗಳನ್ನು ಸುರಿದಿದ್ದಾರೆ. ಸಮುದ್ರಗಳು ಬತ್ತಿಹೋಗಿವೆ. ಜನ ನೆಲದಡಿ ಅಡಗಿದ್ದಾರೆ, ಅವರಿಗೆ ಉಳಿದಿರುವುದು ಒಂದೇ ವರ್ಷ. ದೂರದ ಇಸ್ಕಂದರ್ ಗ್ರಹದ ರಾಣಿ ಸಂದೇಶ ಕಳಿಸುತ್ತಾಳೆ: ವಿಕಿರಣ ತೊಳೆಯುವ ಯಂತ್ರ ನನ್ನಲ್ಲಿದೆ, ಬಂದು ತೆಗೆದುಕೊಂಡು ಹೋಗಿ. ಅಲ್ಲಿಗೆ 1,48,000 ಜ್ಯೋತಿರ್ವರ್ಷ. ಹೋಗಲು ಯಾವ ನೌಕೆ? ಬತ್ತಿದ ಕಡಲಿನ ತಳದಲ್ಲಿ, ಕೆಂಪು ಮಣ್ಣಿನಲ್ಲಿ ಅರ್ಧ ಹೂತು, ತುಕ್ಕು ಹಿಡಿದು ಬಿದ್ದಿರುವ ಒಂದು ಹಳೆಯ ಯುದ್ಧನೌಕೆ. ಅದರ ಒಡಲಲ್ಲಿ ಗುಟ್ಟಾಗಿ ಹೊಸ ನೌಕೆ ಕಟ್ಟಿದ್ದಾರೆ. ಅದು ಮಣ್ಣನ್ನು ಕೊಡವಿಕೊಂಡು ಏಳುತ್ತದೆ.

ಆ ಅವಶೇಷ ಕಲ್ಪನೆಯಲ್ಲ. ನಿಜವಾದ ಯಮಾತೊ ಕುರೆ ಪಟ್ಟಣದ ನೌಕಾ ಕಾರ್ಖಾನೆಯಲ್ಲಿ ತಯಾರಾಗಿ 1941ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿತು. 263 ಮೀಟರ್ ಉದ್ದ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. ಅಷ್ಟು ದೊಡ್ಡ ಫಿರಂಗಿ ಹೊತ್ತ ಯುದ್ಧನೌಕೆ ಅದರ ಮತ್ತು ಅದರ ಜೋಡಿ ಮುಸಾಶಿಯ ಹೊರತು ಮತ್ತೊಂದಿಲ್ಲ. 1945ರ ಏಪ್ರಿಲ್‌ನಲ್ಲಿ ಅದನ್ನು ಅಮೆರಿಕದ ಪಡೆಗಳು ಇಳಿದಿದ್ದ ಒಕಿನಾವಾ ದ್ವೀಪಕ್ಕೆ ಕಳಿಸಿದರು. ದಡಕ್ಕೆ ನುಗ್ಗಿ, ಮರಳಿನಲ್ಲಿ ಸಿಕ್ಕಿಕೊಂಡು, ನಾಶವಾಗುವವರೆಗೆ ಗುಂಡು ಹಾರಿಸುತ್ತಿರಬೇಕು ಎಂಬುದು ಆಜ್ಞೆ. ಎಣ್ಣೆ ಎಷ್ಟು ತುಂಬಿಸಿದ್ದರು ಎಂಬುದರ ಬಗ್ಗೆ ಚರ್ಚೆ ಇದೆ, ಆದರೆ ಯೋಜನೆಯಲ್ಲಿ ಮರಳುವ ಮಾತಿರಲಿಲ್ಲ. ಒಕಿನಾವಾ ಮುಟ್ಟಲೂ ಇಲ್ಲ. ಏಪ್ರಿಲ್ 7ರ ಮಧ್ಯಾಹ್ನ ಅಮೆರಿಕದ ವಿಮಾನಗಳು ಮುತ್ತಿದವು. ಎರಡು ಗಂಟೆಯ ದಾಳಿಯ ನಂತರ ನೌಕೆ ಮಗುಚಿತು, ಸಿಡಿಯಿತು, ಮುಳುಗಿತು. ಸತ್ತವರು ಸುಮಾರು 3,000. ಬದುಕಿ ಬಂದವರು 300ಕ್ಕೂ ಕಡಿಮೆ.

ಇಲ್ಲಿ ಒಂದು ಸಣ್ಣ ವಿಷಯ ಹತ್ತಿರದಿಂದ ನೋಡಬೇಕು: ಹಡಗಿನ ತಳದ ಕೆಂಪು ಬಣ್ಣ. ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಚಿಪ್ಪು, ಪಾಚಿ ಮೆತ್ತದಿರಲಿ ಎಂದು ವಿಷ ಬೆರೆತ ಕೆಂಪು ಬಣ್ಣ ಬಳಿಯುತ್ತಾರೆ. ಬಾಹ್ಯಾಕಾಶದಲ್ಲಿ ಚಿಪ್ಪೂ ಇಲ್ಲ, ಪಾಚಿಯೂ ಇಲ್ಲ. ಆದರೆ ಕಾರ್ಟೂನಿನ ಯಮಾತೊ ನಮ್ಮ ತಲೆಯ ಮೇಲೆ ಹಾದುಹೋಗುವಾಗ ಕಾಣುವುದು ಆ ಕೆಂಪು ಹೊಟ್ಟೆಯೇ. ಬಹಳ ದಿನ ಇದನ್ನು ಚಿತ್ರಕಾರರ ಅಭ್ಯಾಸಬಲ ಅಂದುಕೊಂಡಿದ್ದೆ. ಕುರೆಯ ಮ್ಯೂಸಿಯಂನಲ್ಲಿ ನಿಜವಾದ ಯಮಾತೊದ ಹತ್ತನೇ ಒಂದರಷ್ಟು ಮಾದರಿ ಇದೆ, 26.3 ಮೀಟರ್ ಉದ್ದ. ಕೆಳಗಿನ ಅಂತಸ್ತಿನಲ್ಲಿ ನಿಂತರೆ ಕೆಂಪು ತಳ ಕಣ್ಣ ಮಟ್ಟಕ್ಕೆ ಬರುತ್ತದೆ. ಅಲ್ಲಿ ನಿಂತಿದ್ದಾಗ ಹೊಳೆಯಿತು. ದೊಡ್ಡ ಹಡಗಿನ ತಳ ಮನುಷ್ಯರಿಗೆ ಕಾಣುವುದು ಎರಡೇ ಹೊತ್ತಿನಲ್ಲಿ. ಒಂದು, ಕಟ್ಟುವಾಗಲೋ ದುರಸ್ತಿ ಮಾಡುವಾಗಲೋ. ಇನ್ನೊಂದು, ಅದು ಮಗುಚಿಕೊಂಡಾಗ. 1945ರಲ್ಲಿ ನೀರಿಗೆ ಹಾರಿ ಬದುಕಿದವರ ಕಣ್ಣೆದುರು ಕೊನೆಗೆ ತಿರುಗಿ ನಿಂತದ್ದು ಆ ತಳ. 1974ರಲ್ಲಿ ಅದೇ ತಳ ಮೇಲೆ, ನೆಟ್ಟಗೆ, ಬೆಂಕಿ ಉಗುಳುತ್ತಾ ಏರುತ್ತದೆ. ಟೀವಿ ಮುಂದೆ ಕೂತಿದ್ದ ಮಕ್ಕಳಿಗೆ ಅದು ಬರೀ ಚೆಂದ. ಹಿಂದೆ ಕೂತಿದ್ದ ಅಪ್ಪಂದಿರಿಗೆ?

ನನ್ನ ಇಡೀ ಮಾತು ನಿಂತಿರುವುದು ಇನ್ನೊಂದು ತಿರುವಿನ ಮೇಲೆ. ಹಳೆಯ ಯಮಾತೊಗೆ ಕೊಟ್ಟ ಆಜ್ಞೆ ಹೋಗು ಎಂದಷ್ಟೇ. ಹೊಸ ಯಮಾತೊಗೆ ಕೊಟ್ಟದ್ದು ಹೋಗಿ ಬಾ ಎಂದು. ಯಂತ್ರ ತಂದರೆ ಮಾತ್ರ ಭೂಮಿ ಉಳಿಯುತ್ತದೆ, ದಾರಿಯಲ್ಲಿ ವೀರಮರಣ ಹೊಂದಿದರೆ ಯಾರಿಗೂ ಪ್ರಯೋಜನವಿಲ್ಲ. ಪ್ರತಿ ಕಂತಿನ ಕೊನೆಗೆ ಭೂಮಿಗೆ ಉಳಿದಿರುವುದು ಇಷ್ಟು ದಿನ ಎಂದು ಲೆಕ್ಕ ಹೇಳುತ್ತಾರೆ. ನಾವು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಜಪಾನಿನಲ್ಲೂ ಹೊರಡುವವರು ‘ಇತ್ತೆಕಿಮಾಸು’ ಎನ್ನುತ್ತಾರೆ. ಹೋಗಿ ಬರುತ್ತೇನೆ ಎಂದೇ ಅದರ ಅರ್ಥ. ಯುದ್ಧದ ಕೊನೆಯ ವರ್ಷ ಎಷ್ಟೋ ಹುಡುಗರ ಬಾಯಿಗೆ ಆ ಮಾತು ಬರದಂತೆ ಮಾಡಿದ್ದರು. ಕಾರ್ಟೂನು ಅದನ್ನು ಮರಳಿ ಕೊಟ್ಟಿತು.

ಇದಕ್ಕೇ ಹಡಗು ಬೇಕಾಗಿತ್ತು. ರಾಕೆಟ್ಟು ಚಿಮ್ಮುತ್ತದೆ, ಉರಿಯುತ್ತದೆ, ತುಂಡುತುಂಡಾಗಿ ಕಳಚಿಕೊಳ್ಳುತ್ತದೆ. ಹಡಗಿಗೆ ಬಂದರಿದೆ. ಕಟ್ಟೆಯ ಮೇಲೆ ನಿಂತು ಕೈಬೀಸುವವರಿದ್ದಾರೆ, ಅಡುಗೆಮನೆಯಿದೆ, ಪಾಳಿಯಿದೆ, ಮುಪ್ಪಾದ ಕಪ್ತಾನನಿದ್ದಾನೆ. ಕನ್ನಡದಲ್ಲಿ ಹಡಗು ನಿಲ್ಲುವ ಜಾಗಕ್ಕೂ, ಹೋದವರು ಮರಳಿದರು ಎಂದು ಹೇಳುವುದಕ್ಕೂ ಒಂದೇ ರೂಪ: ಬಂದರು. ಮೊದಲನೆಯದು ಪಾರಸಿಯಿಂದ ಬಂದದ್ದು, ಎರಡಕ್ಕೂ ನಂಟಿಲ್ಲ ಎಂದು ಗೊತ್ತು. ಆದರೂ ಈ ಕತೆಗಳನ್ನು ನೋಡುವಾಗ ನನಗೆ ಎರಡೂ ಒಟ್ಟಿಗೇ ಕೇಳಿಸುತ್ತವೆ.

ಯಮಾತೊದಲ್ಲಿ ನನಗೆ ತೀರಾ ಇಷ್ಟವಾದ ಕಂತು ಹತ್ತನೆಯದು. ನೌಕೆ ಸೌರಮಂಡಲದ ಅಂಚಿಗೆ ಬಂದಿದೆ, ಇನ್ನು ಮುಂದೆ ಭೂಮಿಯೊಡನೆ ಸಂಪರ್ಕ ಸಾಧ್ಯವಿಲ್ಲ. ಸಿಬ್ಬಂದಿಗೆಲ್ಲ ಸರದಿಯಂತೆ ಕೆಲವು ನಿಮಿಷ ಮನೆಯವರ ಜೊತೆ ಮಾತಾಡಲು ಅವಕಾಶ. ಒಬ್ಬೊಬ್ಬರೇ ಹೋಗಿ ಬರುತ್ತಾರೆ. ತರುಣ ಕೊದಾಯ್‌ಗೆ ಮಾತಾಡಲು ಯಾರೂ ಇಲ್ಲ, ಮನೆಯವರು ಬಾಂಬಿಗೆ ಸತ್ತಿದ್ದಾರೆ. ಕಪ್ತಾನ ಒಕಿತಾಗೂ ಯಾರೂ ಇಲ್ಲ. ಇಬ್ಬರೂ ಕಪ್ತಾನನ ಕೋಣೆಯಲ್ಲಿ ಕೂತು ಸಾಕೆ, ಅಂದರೆ ಅಕ್ಕಿಯ ಮದ್ಯ, ಕುಡಿಯುತ್ತಾರೆ. ಮಕ್ಕಳ ಕಾರ್ಯಕ್ರಮ ಇದು, ಭಾನುವಾರ ಸಂಜೆ ಏಳೂವರೆಗೆ.

ಚುಕ್ಕಾಣಿಯ ಆಜ್ಞೆಗಳನ್ನು ಕೇಳಿದರೆ ಈ ಕಡಲತನ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆ. ಎಡಕ್ಕೆ ತಿರುಗಿಸು ಎನ್ನಲು ‘ತೊರಿಕಾಜಿ’, ಬಲಕ್ಕೆ ‘ಒಮೊಕಾಜಿ’. ಹಳೆಯ ಜಪಾನೀ ದಿಕ್ಸೂಚಿಯಲ್ಲಿ ದಿಕ್ಕುಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು. ಇಲಿಯನ್ನು ಹಡಗಿನ ಮೂತಿಗೆ ಇಟ್ಟರೆ ಎಡಗಡೆ ಬರುವುದು ಕೋಳಿ, ಅಂದರೆ ತೊರಿ. ಬಲಗಡೆ ಮೊಲ, ಅಂದರೆ ಉ. ‘ಉ-ನೊ-ಕಾಜಿ’ ಸವೆದು ಒಮೊಕಾಜಿ ಆಯಿತು ಎನ್ನುತ್ತಾರೆ. ತಿರುಗಿದ್ದು ಸಾಕು, ಹೀಗೇ ನೇರ ನಡೆಸು ಎನ್ನಲು ‘ಯೋಸೊರೊ’. ಹಿಂದಿನ ಕಾಲದ ಗೌರವದ ಮಾತು ‘ಯೊರೊಶಿಕು ಸೋರೊ’, ಸರಿಯಾಗಿದೆ ಸ್ವಾಮಿ, ನಾವಿಕರ ಬಾಯಲ್ಲಿ ಮೊಟಕಾಗಿ ಉಳಿದದ್ದು. ಕೋಳಿ, ಮೊಲ, ಸ್ವಾಮಿ ಎಲ್ಲರೂ ಸೇರಿ ಒಂದು ನೌಕೆಯನ್ನು ಪ್ಲೂಟೊ ದಾಟಿಸುತ್ತಿದ್ದಾರೆ. ಮೇಲೆ ಕೆಳಗೆ ಎಂಬುದೇ ಇಲ್ಲದ ಜಾಗದಲ್ಲಿ ಈ ಮಾತುಗಳು ನೋಡುವವರ ಮೈಗೆ ಒಂದು ಭಾರ ಕೊಡುತ್ತವೆ. ಆಜ್ಞೆ ಕೇಳಿದಾಗ ನಾವೂ ಕುರ್ಚಿಯಲ್ಲಿ ಸ್ವಲ್ಪ ವಾಲುತ್ತೇವೆ.

ಉಳಿದ ವಿವರಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ನೌಕೆಯ ಹೊಗೆಕೊಳವೆ ಹೊಸದರಲ್ಲಿ ಕ್ಷಿಪಣಿ ಹಾರಿಸುವ ಬಾಯಿ. ರಾಕೆಟ್ ಕಟ್ಟಿದ ಲಂಗರು ಇದೆ. 1980ರಲ್ಲಿ ಶುರುವಾದ ಮೂರನೇ ಸರಣಿಯಲ್ಲಿ ಬೇರೊಂದು ಆಯಾಮದೊಳಗೆ ಮುಳುಗಿಕೊಂಡು ಹೊಂಚುಹಾಕುವ ಜಲಾಂತರ್ಗಾಮಿಗಳೂ ಬರುತ್ತವೆ.

ಸಭೆಯಲ್ಲಿ ಒಬ್ಬ ಹಿರಿಯರು ಮಧ್ಯದಲ್ಲೇ ಕೇಳಿದರು: “ಆಕ್ರಮಣ ಮಾಡಿದ ಸಾಮ್ರಾಜ್ಯದ ಯುದ್ಧನೌಕೆ ಅಲ್ಲವೇನ್ರೀ ಅದು? ಅದನ್ನು ಮಕ್ಕಳ ಕತೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಸೋತ ಯುದ್ಧವನ್ನು ಮತ್ತೆ ಗೆಲ್ಲಬೇಕೆಂಬ ಆಸೆಯಲ್ಲವೆ?” ಸರಿಯಾದ ಪ್ರಶ್ನೆ, ಜಪಾನಿನಲ್ಲೂ ಕೇಳಿದ್ದಾರೆ. ಆ ನೌಕೆಯ ಫಿರಂಗಿಗಳ ಬಗ್ಗೆ ಹೆಮ್ಮೆಪಡುವವರಿದ್ದಾರೆ. ಒಕಿನಾವಾದಲ್ಲಿ ಸತ್ತ ಸಾಮಾನ್ಯ ಜನರ ಹೆಸರು ಈ ಕತೆಯಲ್ಲಿ ಎಲ್ಲೂ ಬರುವುದಿಲ್ಲ ಎಂಬುದೂ ನಿಜ. ಆದರೆ ಸರಣಿಯೊಳಗೇ ಇದಕ್ಕೆ ಎದುರಾದ ಒಂದು ಗಳಿಗೆ ಇದೆ. ಗಮಿಲಾಸ್ ಗ್ರಹದ ಮೇಲೆ ಯುದ್ಧ ಮುಗಿದಾಗ ಇಡೀ ನಗರ ಪಾಳುಬಿದ್ದಿದೆ. ಅವರ ಗ್ರಹವೂ ಸಾಯುತ್ತಿತ್ತು, ಅದಕ್ಕೇ ಭೂಮಿಗೆ ಬಂದಿದ್ದರು. ಗೆದ್ದ ಕೊದಾಯ್ ಆ ಅವಶೇಷ ನೋಡಿ ಕುಸಿಯುತ್ತಾನೆ, ನಾವು ಹೊಡೆದಾಡಬಾರದಿತ್ತು, ಪ್ರೀತಿಸಬೇಕಿತ್ತು ಎಂದು ಅಳುತ್ತಾನೆ. ಗೆಲುವಿನ ಆಸೆಗೆ ಕತೆ ಕಟ್ಟುವವರು ಇಂಥ ಜಾಗದಲ್ಲಿ ನಾಯಕ ಅಳುವಂತೆ ಮಾಡುವುದಿಲ್ಲ.

ಜಗಳ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಇನ್ನೂ ಮುಖ್ಯ. ಮೊದಲ ಸರಣಿ ಸೋತಿತ್ತು. ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ಆಲ್ಪ್ಸ್ ಬೆಟ್ಟದ ಹುಡುಗಿ ಹೈಡಿಯ ಕತೆ ಬರುತ್ತಿತ್ತು, ಮನೆಮನೆಯೂ ಅದನ್ನೇ ನೋಡಿತು. 39 ಕಂತು ಅಂದುಕೊಂಡಿದ್ದು 26ಕ್ಕೆ ನಿಂತಿತು. ಮರುಪ್ರಸಾರದಲ್ಲಿ ಅಭಿಮಾನಿಗಳು ಕೂಡಿಕೊಂಡರು. 1977ರಲ್ಲಿ ಕಂತುಗಳನ್ನೇ ಹೊಲಿದು ಸಿನಿಮಾ ಮಾಡಿದಾಗ ಚಿತ್ರಮಂದಿರದ ಮುಂದೆ ಹುಡುಗರು ಸಾಲುಗಟ್ಟಿದರು. ಮುಂದಿನ ವರ್ಷ ಹೊಸ ಸಿನಿಮಾ ಬಂತು. ಅದರ ಕೊನೆಯಲ್ಲಿ ಕೊದಾಯ್ ಉಳಿದವರನ್ನು ಇಳಿಸಿ, ಸತ್ತ ಪ್ರೇಯಸಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಮಾತೊವನ್ನು ಶತ್ರುವಿನತ್ತ ನಡೆಸಿಬಿಡುತ್ತಾನೆ. ಮರಳಿ ಬರುವುದಕ್ಕಾಗಿ ಕಟ್ಟಿದ ನೌಕೆ ಮತ್ತೆ 1945ರ ದಾರಿ ಹಿಡಿಯಿತು. ಜನ ಬಿಕ್ಕಿ ಬಿಕ್ಕಿ ಅತ್ತರು. ಮಾತ್ಸುಮೊತೊಗೆ ಈ ಮುಕ್ತಾಯ ಒಪ್ಪಿಗೆಯಿರಲಿಲ್ಲ. ಅದೇ ಕತೆಯನ್ನು ಟೀವಿ ಸರಣಿ ಮಾಡಿದಾಗ ಕೊನೆ ಬದಲಾಯಿತು, ಕೊದಾಯ್ ಬದುಕಿದ. ಒಂದೇ ಕತೆಗೆ ಎರಡು ಕೊನೆ. ಆ ದೇಶ ತನ್ನೊಡನೆ ತಾನೇ ವಾದಿಸುತ್ತಿತ್ತು ಎಂದು ನನಗನ್ನಿಸುತ್ತದೆ. ನಾನು ಬದುಕಿದವನ ಕಡೆ.

ಮಾತ್ಸುಮೊತೊ ಅವರ ತಂದೆ ಸೇನೆಯ ವಿಮಾನ ಚಾಲಕರಾಗಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ಹಾರಲು ಒಪ್ಪದೆ ಬಡತನದಲ್ಲಿ ದಿನ ದೂಡಿದರು. ಕಪ್ತಾನ ಒಕಿತಾನ ಹಿಂದೆ ಆ ತಂದೆ ಇದ್ದಾರೆ. ಮಾತ್ಸುಮೊತೊ ಅವರದೇ ಇನ್ನೊಂದು ಕಾರ್ಟೂನಿನ, 1978ರ ಬಾಹ್ಯಾಕಾಶ ಕಡಲ್ಗಳ್ಳ ಹಾರ್ಲಾಕ್‌ನ ಹಿಂದೆಯೂ ಇದ್ದಾರೆ. ಹಾರ್ಲಾಕ್‌ನ ನೌಕೆ ಆರ್ಕೇಡಿಯಾದ ಹಿಂಭಾಗ ಹಳೆಯ ಹಾಯಿಹಡಗಿನದು, ಕಿಟಕಿಗಳ ಸಾಲಿರುವ ಮರದ ಅಟ್ಟ. ಒಳಗೆ ದೊಡ್ಡ ಮರದ ಚುಕ್ಕಾಣಿ ಚಕ್ರ. ಮೇಲೆ ತಲೆಬುರುಡೆಯ ಬಾವುಟ, ಗಾಳಿಯಿಲ್ಲದ ಕಡೆ ಪಟಪಟನೆ ಹಾರುತ್ತದೆ. ಯಾವ ದೇಶದ ಬಾವುಟದ ಕೆಳಗೂ ನಿಲ್ಲದವನಿಗೆ ತನ್ನದೊಂದು ಬಾವುಟ ಬೇಕು. ಬಾವುಟ ಅಂದಮೇಲೆ ಅದು ಹಾರಲೇಬೇಕು. ಸತ್ತ ಗೆಳೆಯನ ಆತ್ಮ ಆ ನೌಕೆಯ ಕಂಪ್ಯೂಟರಿನಲ್ಲಿ ನೆಲೆಸಿದೆ. ಕಡಲಿನವರ ಕತೆಗಳಲ್ಲಿ ಹಡಗಿಗೆ ಜೀವ ಇರುವುದು ಹೊಸದಲ್ಲ.

ದೂರ ಹೋದವರು ಮರಳಿದಾಗ ಏನು ಸಿಗುತ್ತದೆ? ಜಪಾನಿನ ಪ್ರತಿ ಮಗುವಿಗೂ ಗೊತ್ತಿರುವ ಉರಾಶಿಮಾ ತಾರೊ ಕತೆ ಇದೆ. ಆಮೆಯನ್ನು ಕಾಪಾಡಿದ ಬೆಸ್ತರ ಹುಡುಗ ಕಡಲಾಳದ ರ್ಯೂಗು ಅರಮನೆಗೆ ಹೋಗಿ ಕೆಲವು ದಿನ ಇರುತ್ತಾನೆ. ಮರಳಿ ಬಂದರೆ ಊರಲ್ಲಿ ನೂರಾರು ವರ್ಷ ಕಳೆದಿದೆ, ಅಮ್ಮನಿಲ್ಲ, ಮನೆಯಿಲ್ಲ. ಬೆಳಕಿನ ವೇಗದ ಹತ್ತಿರ ಹೋಗುವವರಿಗೆ ಕಾಲ ನಿಧಾನ ಎಂಬ ಐನ್‌ಸ್ಟೈನರ ಮಾತಿಗೆ ಜಪಾನಿನ ವೈಜ್ಞಾನಿಕ ಕತೆಗಳ ಓದುಗರು ‘ಉರಾಶಿಮಾ ಪರಿಣಾಮ’ ಎನ್ನುತ್ತಾರೆ. ಅವರ ಸಾಪೇಕ್ಷತೆಗೂ ಉಪ್ಪಿನ ವಾಸನೆ. 1988ರಲ್ಲಿ ಶುರುವಾದ ‘ಗನ್‌ಬಸ್ಟರ್’ ಎಂಬ ಕಾರ್ಟೂನಿನಲ್ಲಿ ಇಬ್ಬರು ಹುಡುಗಿಯರು ಹನ್ನೆರಡು ಸಾವಿರ ವರ್ಷದ ನಂತರ ಭೂಮಿಗೆ ಬರುತ್ತಾರೆ. ಕತ್ತಲು. ಎಲ್ಲ ಮುಗಿದಿದೆ ಅಂದುಕೊಳ್ಳುವಾಗ ಕೆಳಗೆ ದೀಪಗಳು ಹೊತ್ತಿ ಅಕ್ಷರಗಳಾಗುತ್ತವೆ: ‘ಒಕಾಎರಿನಾಸಾಯ್’. ಮನೆಗೆ ಬಂದವರಿಗೆ ಹೇಳುವ ಮಾತು, ಬಂದಿರಾ, ಬನ್ನಿ ಎಂಬಂತೆ. ಕೊನೆಯ ಅಕ್ಷರ ಮಾತ್ರ ತಿರುವುಮುರುವಾಗಿದೆ. ಅಷ್ಟು ಕಾಲದಲ್ಲಿ ಆ ಲಿಪಿ ಬರೆಯಲು ಮರೆತುಹೋಗಿದೆ, ಹೇಳಬೇಕೆಂಬುದು ಮರೆತಿಲ್ಲ.

ಆರಂಭದ ಹಾಯಿಗೆ ಮರಳುತ್ತೇನೆ. 2010ರ ಮೇ 21ರಂದು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ‘ಇಕರೋಸ್’ ಎಂಬ ನೌಕೆಯನ್ನು ಶುಕ್ರನ ದಾರಿಗೆ ಕಳಿಸಿತು. ಜೂನ್‌ನಲ್ಲಿ ಅದು ತಿರುಗುತ್ತಾ ತಿರುಗುತ್ತಾ ಹಾಯಿ ಬಿಚ್ಚಿತು. ಒಂದು ಬದಿ 14 ಮೀಟರ್ ಇರುವ ಚೌಕ, ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಅದನ್ನು ತಳ್ಳಿದ್ದು ಬಿಸಿಲು. ಬೆಳಕಿಗೂ ಒತ್ತಡವಿದೆ. ಗ್ರಹಗಳ ನಡುವೆ ಹಾಯಿ ಕಟ್ಟಿ ಸಾಗಿದ ಮೊದಲ ನೌಕೆ ಅದು. ತುಣುಕು ನೋಡಿ ನಕ್ಕವರಲ್ಲಿ ಎಷ್ಟೋ ಜನ ಈ ಚಿತ್ರ ತೋರಿಸಿದಾಗ ಸುಮ್ಮನಾದರು.

ಅದೇ ಜೂನ್ 13ರ ರಾತ್ರಿ ಇನ್ನೊಂದು ನೌಕೆ ಮನೆಗೆ ಬರುತ್ತಿತ್ತು. 2003ರಲ್ಲಿ ಹೊರಟ ಹಯಾಬುಸಾ. ಇತೊಕಾವಾ ಎಂಬ ಪುಟ್ಟ ಕ್ಷುದ್ರಗ್ರಹವನ್ನು ಮುಟ್ಟಿ, ಇಂಧನ ಸೋರಿ, ವಾರಗಟ್ಟಲೆ ಸಂಪರ್ಕ ಕಳೆದುಕೊಂಡು, ಕೆಟ್ಟ ಎರಡು ಎಂಜಿನ್‌ಗಳ ಉಳಿದ ಭಾಗಗಳನ್ನು ಜೋಡಿಸಿಕೊಂಡು ಬಂದಿತ್ತು. ಹಿಡಿದ ಧೂಳಿನ ಡಬ್ಬಿಯನ್ನು ಆಸ್ಟ್ರೇಲಿಯಾದ ವೂಮೆರಾದ ಮೇಲೆ ಇಳಿಸಬೇಕು, ತಾನು ಮಾತ್ರ ಗಾಳಿಯಲ್ಲಿ ಉರಿದುಹೋಗಬೇಕು. ಯಮಾತೊದ ಕೊನೆಯ ಕಂತಿನಲ್ಲಿ ಮುಪ್ಪಿನ ಒಕಿತಾ ಕಿಟಕಿಯಾಚೆ ಭೂಮಿ ಕಾಣುತ್ತಿರುವಾಗ, ಎಲ್ಲವೂ ಎಷ್ಟು ಆಪ್ತವಾಗಿದೆ ಎಂದು ಹೇಳಿ ಕಣ್ಣು ಮುಚ್ಚುತ್ತಾನೆ. ಹಯಾಬುಸಾದ ಎಂಜಿನಿಯರುಗಳು ಡಬ್ಬಿ ಕಳಚಿದ ಮೇಲೆ, ಇನ್ನು ಯಾವ ಕೆಲಸವೂ ಉಳಿಯದಿದ್ದಾಗ, ಆ ನೌಕೆಯನ್ನು ತಿರುಗಿಸಿ ಅದರ ಕ್ಯಾಮೆರಾವನ್ನು ಭೂಮಿಯ ಕಡೆಗೆ ಹಿಡಿದರು. ಒಂದು ಚಿತ್ರ ಬಂತು. ಕಪ್ಪುಬಿಳುಪು, ಬೆಳಕಿನ ಗೆರೆಗಳು ಸೋರಿವೆ, ನಡುವೆ ಭೂಮಿ ಮಸುಕಾಗಿ ದುಂಡಗಿದೆ. ಕಳಿಸುತ್ತಿದ್ದಾಗಲೇ ಸಂಪರ್ಕ ತಪ್ಪಿತು. ಚಿತ್ರದ ಕೆಳಗಿನ ಭಾಗ ಇಲ್ಲ.